ಕಾಲುವೆಯ ತಳಕ್ಕೂ ಕಾಂಕ್ರೀಟ್: ಸುರಿಯುವ ಮೊದಲು ಒಮ್ಮೆ ಸೇರೋಣ

ಮನೆ 14: ಎಲ್ಲರಿಗೂ ನಮಸ್ಕಾರ. ಮಳೆನೀರಿನ ಕಾಲುವೆಯ ಎರಡೂ ಬದಿಗೆ ಗೋಡೆ ಎದ್ದಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿನ್ನೆ ತಳದಲ್ಲೂ ಸರಳು ಕಟ್ಟುತ್ತಿದ್ದರು. ಅದನ್ನೂ ಮುಚ್ಚಿದರೆ ನೀರು ಇಂಗುವುದೆಲ್ಲಿ? ತಡೆಯಬೇಕು.

ಮನೆ 22: ಸರ್, ನಿಮ್ಮದು ಏರಿನಲ್ಲಿರುವ ಮನೆ. ಹೋದ ಮಳೆಗಾಲದಲ್ಲಿ ನಮ್ಮ ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನೀರು ಸರಸರನೆ ಹರಿದುಹೋದರೆ ಸಾಕಾಗಿದೆ.

ಮನೆ 14: ಮೇಡಂ, ಹರಿದುಹೋಗಿ ನಿಲ್ಲುವುದು ನಿಮ್ಮ ಪಕ್ಕದ ಕಿರುಸೇತುವೆಯ ಬಾಯಲ್ಲೇ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್. ಎಲ್ಲ ಮನೆಗಳದ್ದೂ ಏಕಕಾಲಕ್ಕೆ ಬಂದರೆ ಆ ಬಾಯಿ ಸಾಲುತ್ತದೆಯೇ?

ಮನೆ 22: ನಿಮ್ಮ ಅಂಗಳಕ್ಕೂ ಟೈಲ್ಸ್ ಹಾಕಿಸಿದ್ದೀರಿ.

ಮನೆ 17: ಇನ್ನೊಂದು ವಿಷಯ. ಮಿಕ್ಸರ್ ತೊಳೆದ ನೀರನ್ನು ಕಾಲುವೆಗೇ ಬಿಡುತ್ತಿದ್ದಾರೆ. ಹಾಲಿನಂತೆ ಬೆಳ್ಳಗಿತ್ತು. ಮಗಳು ಕೆಂಪು ಲಿಟ್ಮಸ್ ಕಾಗದ ಅದ್ದಿದಳು, ತಕ್ಷಣ ನೀಲಿಯಾಯಿತು, ಅಂದರೆ ಕ್ಷಾರ. ಸಿಮೆಂಟ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ಎರಡೂ ಅಲ್ಲ) 12ರ ಹತ್ತಿರ ಇರುತ್ತದೆ, ಮೀನು ಕಪ್ಪೆಗಳು ತಾಳುವುದಿಲ್ಲ.

ಮನೆ 9: ಇಂಥ ಕಾಲುವೆಗಳನ್ನು ನಾನೇ ಕಟ್ಟಿಸಿದವನು, ಹಾಗಾಗಿ ಎರಡು ಮಾತು. ಸಿಂಗಪುರದ ಬಿಷನ್ ಉದ್ಯಾನದಲ್ಲಿ 2.7 ಕಿಲೋಮೀಟರ್ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ 3.2 ಕಿಲೋಮೀಟರಿನ ಬಳುಕುವ ಹೊಳೆಯಾಗಿಸಿದರು. ಆದರೆ ಅಲ್ಲಿ ನೆರೆ ಹರಡಿಕೊಳ್ಳಲು ಉದ್ಯಾನವಿತ್ತು, ನಮ್ಮಲ್ಲಿ ಗೋಡೆಯಿಂದ ಗೋಡೆಗೆ ಅಷ್ಟೇ ಜಾಗ. ಬರೀ ಮಣ್ಣು ಬಿಟ್ಟರೆ ವೇಗದ ನೀರು ತಳ ಕೊರೆದು ಗೋಡೆಯ ಪಾಯವನ್ನೇ ಬಯಲು ಮಾಡುತ್ತದೆ. ಸುಣ್ಣ, ಸಿಮೆಂಟ್ ಇಲ್ಲದೆ ದಪ್ಪ ಕಲ್ಲು ಹಾಸಬಹುದು: ಸಂದಿಯಲ್ಲಿ ನೀರು ಇಂಗುತ್ತದೆ, ವೇಗವೂ ತಗ್ಗುತ್ತದೆ. ವೇಗ ತಗ್ಗಿದರೆ ನೀರಿನ ಮಟ್ಟ ಏರುತ್ತದೆ, ಆದ್ದರಿಂದ ಕಿರುಸೇತುವೆಯನ್ನು ಮೊದಲು ಅಗಲ ಮಾಡಲೇಬೇಕು. 22ರ ಮೇಡಂ ಭಯ ಸುಳ್ಳಲ್ಲ.

ಮನೆ 31: ಕಾಲುವೆಗೆ ಎರಡು ಕೊಳಚೆ ಪೈಪುಗಳು ಬಂದು ಸೇರಿವೆ. ತಳ ತೆರೆದಿಟ್ಟರೆ ಅದೂ ಇಂಗಿ ನಮ್ಮ ಕೊಳವೆಬಾವಿಗೇ ಬರುವುದಿಲ್ಲವೇ?

ಮನೆ 9: ಬರಬಹುದು. ಮೊದಲು ಆ ಪೈಪುಗಳನ್ನು ಒಳಚರಂಡಿಗೆ ಸೇರಿಸಬೇಕು, ಆಮೇಲೆ ಕಲ್ಲಿನ ಮಾತು.

ಮನೆ 17: ಹಾಗಾದರೆ ಮನವಿಯಲ್ಲಿ ಸೇತುವೆ, ಪೈಪು, ಕಲ್ಲುಹಾಸು, ಇದೇ ಕ್ರಮದಲ್ಲಿ ಬರೆಯುತ್ತೇನೆ. ಮಿಕ್ಸರ್ ತೊಳೆಯಲು ಬೇರೆ ಗುಂಡಿ ಬೇಕೆಂದೂ ಸೇರಿಸುತ್ತೇನೆ.

ಮನೆ 22: ಸೇತುವೆ ಮೊದಲ ಸಾಲಿನಲ್ಲಿದ್ದರೆ ನಾನೂ ಸಹಿ ಹಾಕುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಲ್ಲೇ ಸೇರೋಣ, ನೀರು ಏರಿದ ಗುರುತು ಗೋಡೆಯ ಮೇಲೆ ಇನ್ನೂ ಇದೆ.

ಮನೆ 14: ಅಳತೆ ಟೇಪು ನಾನು ತರುತ್ತೇನೆ. ಆ ಪೈಪುಗಳಲ್ಲಿ ಒಂದು ನಮ್ಮ ಹಿತ್ತಿಲಿನದೇ ಇರಬೇಕು. ಪ್ಲಂಬರಿಗೆ ಹೇಳಿದ್ದೇನೆ.