ಗುಂಡನ ಜೈಪುರ ಟೈಮು

ತುಮಕೂರಿನ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ಏಳೂವರೆಗೆ ಸೇರೋಣ ಎಂದಿದ್ದೆವು. ಗುಂಡ ಬಂದಿದ್ದು ಎಂಟಕ್ಕೆ. ಅಷ್ಟರಲ್ಲಿ ನಾನೂ ಮೇಷ್ಟ್ರೂ ತಲಾ ಎರಡು ಇಡ್ಲಿ ಮುಗಿಸಿ, ಮೂರನೇ ಸಲ ಚಟ್ನಿ ಕೇಳಿ ಬೈಸಿಕೊಂಡಿದ್ದೆವು.

ಗುಂಡ ಜೈಪುರ ನೋಡಿಕೊಂಡು ಬಂದಿದ್ದಾನೆ. ಕೂರುವ ಮೊದಲೇ ಮೊಬೈಲ್ ತೆಗೆದ. ಫೋಟೋ ತುಂಬಾ ಅವನದೇ ಮುಖ. ಕಿವಿಯ ಹಿಂದೆ ಚೂರು ಗುಲಾಬಿ ಬಣ್ಣ.

"ಹವಾ ಮಹಲ್! 1799ರದು. 953 ಕಿಟಕಿ!"

"ಎಲ್ಲಿ?"

"ನನ್ನ ತಲೆ ಹಿಂದೆ."

ರಾಣಿವಾಸದವರು ಯಾರ ಕಣ್ಣಿಗೂ ಬೀಳದೆ ಬೀದಿ ನೋಡಲಿ ಅಂತ ಕಟ್ಟಿಸಿದ್ದು. ಬೀದಿ ಕಡೆಗೆ ಬಾಗಿಲೇ ಇಲ್ಲ. ಇವನು ಬಾಗಿಲು ಹುಡುಕಿ ಸುಸ್ತಾಗಿ, ಕೊನೆಗೆ ಹಿಂದಿನಿಂದ ಹೋದನಂತೆ.

"ತಡವಾಗಿ ಮನೆಗೆ ಹೋಗುವವನಿಗೆ ಹಿತ್ತಿಲ ಬಾಗಿಲು ಹೊಸದೇನಲ್ಲ ಬಿಡು" ಎಂದರು ಮೇಷ್ಟ್ರು.

ಅವನಿಗೆ ಜಾಸ್ತಿ ಹಿಡಿಸಿದ್ದು ಅರಮನೆಯ ಬೆಳ್ಳಿ ಹಂಡೆಗಳು. 1902ರಲ್ಲಿ ಮಹಾರಾಜ ಎರಡನೇ ಮಾಧೋ ಸಿಂಗ್ ಇಂಗ್ಲೆಂಡಿಗೆ ಹೊರಟರು. ಅಲ್ಲಿನ ನೀರು ಮುಟ್ಟಬಾರದು ಅಂತ ಗಂಗಾಜಲವನ್ನೇ ಹಡಗಿನಲ್ಲಿ ಒಯ್ದರು. ಒಂದೊಂದು ಹಂಡೆಗೂ ಸುಮಾರು 4,000 ಲೀಟರ್ ಹಿಡಿಯುತ್ತದೆ.

"ಒಂದು ಟ್ಯಾಂಕರ್ ಲೋಡು!" ಎಂದೆ. "ಹೇಮಾವತಿ ನೀರು ಬಿಡುವ ದಿನ ನಾವು ಕಾಫಿ ಲೋಟವನ್ನೂ ಬಿಡದೆ ತುಂಬಿಸ್ತೀವಿ. ಬುದ್ಧಿ ಒಂದೇ. ನಮ್ಮದು ಪ್ಲಾಸ್ಟಿಕ್ಕು, ಅಷ್ಟೇ."

"ಆದರೆ ಮೇಷ್ಟ್ರೇ, ಜಂತರ್ ಮಂತರ್ ಸುಮ್ನೆ. 27 ಮೀಟರ್ ಎತ್ತರದ ನೆರಳು ಗಡಿಯಾರ. ಎರಡು ಸೆಕೆಂಡೂ ತಪ್ಪಲ್ಲ ಅಂದರು. ನನ್ನ ವಾಚಿಗಿಂತ ಅರ್ಧ ಗಂಟೆ ಹಿಂದಿತ್ತು!"

ಮೇಷ್ಟ್ರು ಕೈ ತೊಳೆದು ಬಂದರು. ಪಾಠ ಶುರು ಅಂತ ಗೊತ್ತಾಯಿತು.

"ಅದು ಅಲ್ಲಿನ ಸೂರ್ಯನ ಟೈಮು. ನಿನ್ನ ವಾಚಿನದು ಇಡೀ ದೇಶಕ್ಕೆ ಒಂದೇ ಟೈಮು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಅಲ್ಲಿಂದ ಪಶ್ಚಿಮಕ್ಕೆ ಡಿಗ್ರಿಗೆ ನಾಲ್ಕು ನಿಮಿಷ ತಡ. ಜೈಪುರಕ್ಕೆ ಸರಾಸರಿ 27 ನಿಮಿಷ."

"ತುಮಕೂರಿಗೆ?"

"ಸುಮಾರು 22."

ಗುಂಡ ಬೆರಳು ಮಡಚಿ ಲೆಕ್ಕ ಹಾಕಿದ. "ಹಾಗಾದರೆ ನಾನು ಇವತ್ತು ತಡವಾಗಿದ್ದು ಎಂಟೇ ನಿಮಿಷ!"

ಮೇಷ್ಟ್ರ ಮುಖ ನೋಡಬೇಕಿತ್ತು. ಮೂವತ್ತು ವರ್ಷ ಪಾಠ ಮಾಡಿದ್ದಾರೆ. ಹೇಳಿದ್ದನ್ನು ಒಬ್ಬ ಇಷ್ಟು ಬೇಗ ಬಳಸಿಕೊಂಡಿದ್ದು ಇದೇ ಮೊದಲಿರಬೇಕು.

"ಅದಿರಲಿ, ಮಧುಗಿರಿ ಕೋಟೆ ಹತ್ತಿದ್ದೀಯಾ?"

"ಬಸ್ಸಿಂದ ನೋಡಿದ್ದೀನಿ."

"ಬೆಟ್ಟಕ್ಕೆ ಬೆಟ್ಟವೇ ಒಂದೇ ಬಂಡೆ ಕಣೋ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದು, ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆ ಇಟ್ಟಿದ್ದು ಅಲ್ಲೇ. ಅವಳನ್ನು ಹಿಡಿದು ತಂದರು. ನೀನಾದರೂ ಖುಷಿಯಿಂದ ಹೋಗು."

"ಮೆಟ್ಟಿಲಿದೆಯಾ?"

"ಸ್ವಲ್ಪ ದೂರ. ಆಮೇಲೆ ಬಂಡೆಯಲ್ಲಿ ಕೊರೆದ ಗುರುತು, ನಿನ್ನ ದೇವರು."

ಭಾನುವಾರ ಬೆಳಗ್ಗೆ ಐದೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು ಅಂತಾಯಿತು.

"ಸೂರ್ಯನ ಟೈಮಾ, ವಾಚಿನದಾ?" ಎಂದ ಗುಂಡ.

ಮೇಷ್ಟ್ರು ಮಾತಾಡಲಿಲ್ಲ. ಬಿಲ್ಲನ್ನು ಮೆಲ್ಲಗೆ ಅವನ ತಟ್ಟೆಯ ಕಡೆ ತಳ್ಳಿದರು.