ಪ್ರಶ್ನೋತ್ತರ: ನಿಶ್ಚಿತಾರ್ಥ ಆದ ಮೇಲೆ ಸೈಟು ಕೇಳಿದರೆ?

ವಕೀಲೆ: ಮದುವೆ, ಅಂತಸ್ತು, ಕೊಡು-ಕೊಳ್ಳುವ ವಿಚಾರ ಏನಿದ್ದರೂ ಇಲ್ಲೇ ಕೇಳಿ. ಹೆಸರು, ಊರು ಬೇಡ.

ಮಲ್ಲಿಗೆ ಹಂಬು: ಮೇಡಂ, ನಿಶ್ಚಿತಾರ್ಥ ಆಗಿದೆ. ಹುಡುಗನಿಗೆ ಸರ್ಕಾರಿ ಕೆಲಸ. ಈಗ ಅವರ ತಂದೆ 30x40 ಸೈಟು ಕೇಳ್ತಿದಾರೆ. ಹುಡುಗನ ಮೆಸೇಜು: "ಅಪ್ಪ ಕೇಳಿದ್ದು, ನಾನು ಮಧ್ಯೆ ಬರಲ್ಲ." ನಮ್ಮಪ್ಪ ಜಮೀನು ಅಡ ಇಡೋಕೆ ಓಡಾಡ್ತಿದಾರೆ.

ವಕೀಲೆ: ನೋಡಮ್ಮ, ಮೊದಲು ಆ ಅಡಮಾನ ನಿಲ್ಲಿಸಿ. ವರೋಪಚಾರ ಅಂದರೂ ಅಷ್ಟೆ, "ನಿಮ್ಮ ಮಗಳಿಗೇ ತಾನೆ" ಅಂದರೂ ಅಷ್ಟೆ, ಮದುವೆಗಾಗಿ ಕೇಳಿದ್ದು ವರದಕ್ಷಿಣೆಯೇ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬರೀ ಕೇಳಿದ್ದಕ್ಕೇ 6 ತಿಂಗಳಿಂದ 2 ವರ್ಷ ಜೈಲು. ಒಂದು ರೂಪಾಯಿಯೂ ಕೊಟ್ಟಿರಬೇಕಿಲ್ಲ.

ಮೆಸೇಜು ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಇಮೇಲ್‌ಗೆ ಹಾಕಿಕೊಳ್ಳಿ. ಫೋನ್ ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಕೋರ್ಟಿನಲ್ಲಿ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕು; ಮೂಲ ಫೋನ್ ಕಳೆದುಕೊಂಡ ಕೇಸು ಅಲ್ಲೇ ಸೊರಗುತ್ತದೆ. ಬಾಯಿಮಾತಲ್ಲಿ ಕೇಳಿದ್ದರೆ ದಿನಾಂಕ, ಜಾಗ, ಎದುರಿಗಿದ್ದವರ ಹೆಸರು ಅವತ್ತೇ ಬರೆದಿಡಿ.

ಆಮೇಲೆ ಹುಡುಗನಿಗೆ ಒಂದೇ ಸಾಲು ಕಳಿಸಿ: "ಸೈಟು ಇಲ್ಲದೆ ಮದುವೆ ಆಗ್ತೀರಾ?" ನನ್ನನ್ನು ಕಾಡುತ್ತಿರುವುದು ಸೈಟಲ್ಲ, ಆ "ಮಧ್ಯೆ ಬರಲ್ಲ". ನಾಳೆ ಕಾರು ಕೇಳಿದಾಗಲೂ ಅವನು ಮಧ್ಯೆ ಬರಲ್ಲ. ಈಗ ನಿಲ್ಲಿಸಿದರೆ ಛತ್ರದ ಮುಂಗಡ ಹೋಗಬಹುದು. ಹೋಗಲಿ.

ಹೊಳೆದಂಡೆ: ಸೈಟು ಮಗಳ ಹೆಸರಿಗೇ ರಿಜಿಸ್ಟರ್ ಮಾಡಿಸಿದ್ರೆ ವರದಕ್ಷಿಣೆ ಆಗಲ್ಲ ಅಲ್ವಾ?

ವಕೀಲೆ: ಅವರು ಕೇಳಿ ಕೊಟ್ಟಿದ್ದಾದರೆ ಆಗುತ್ತದೆ. ಮೇಲೆ ಬರೆದಿದ್ದೇನೆ.

ಬೆಳ್ಳಿ ಲೋಟ: ಜಾತಕದ ನೆಪ ಹೇಳಿ ಸಂಬಂಧ ಮುರಿದ್ರು. ನಿಶ್ಚಿತಾರ್ಥದ ಖರ್ಚು ವಾಪಸ್ ಕೇಳಬಹುದಾ?

ಹೆಣ್ಣು ಹೆತ್ತವರು: ಫಾರ್ವರ್ಡ್ ಬಂದಿದೆ. 100 ರೂಪಾಯಿ ಛಾಪಾ ಕಾಗದದಲ್ಲಿ "ವರದಕ್ಷಿಣೆ ಕೊಟ್ಟಿಲ್ಲ, ಪಡೆದಿಲ್ಲ" ಅಂತ ನೋಟರಿ ಮಾಡಿಸಿದ್ರೆ ಎರಡೂ ಕಡೆಗೆ ಸೇಫ್ ಅಂತೆ.

ವಕೀಲೆ: ದಯವಿಟ್ಟು ಅದನ್ನು ಹರಡಬೇಡಿ. ಆ ಕಾಗದದಿಂದ ಹುಡುಗಿಗೆ ರಕ್ಷಣೆ ಇಲ್ಲ. ಆಕೆ ದೂರು ಕೊಟ್ಟ ದಿನ ಅದನ್ನೇ ಎದುರಿಗೆ ಹಿಡಿಯುತ್ತಾರೆ. ಬೇಕಾದ್ದು ವರದಕ್ಷಿಣೆ ನಿಷೇಧ ಕಾಯ್ದೆಯಡಿ ಬಂದ 1985ರ ನಿಯಮದ ಉಡುಗೊರೆ ಪಟ್ಟಿ: ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ, ಕೆಳಗೆ ವಧು-ವರ ಇಬ್ಬರ ಸಹಿ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರವೇ ಇರಬೇಕು.

ಕಬ್ಬಿನಗದ್ದೆ: ಎಲ್ಲಾ ಗಂಡಿನ ಕಡೆಯವರದ್ದೇ ತಪ್ಪಾ? ಸರ್ಕಾರಿ ಕೆಲಸ, ಒಬ್ಬನೇ ಮಗ, ಬೆಂಗಳೂರಲ್ಲಿ ಮನೆ ಅಂತ ಹುಡುಕೋರು ಯಾರು? 2023ರಲ್ಲಿ ಮಂಡ್ಯದ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು ಸುಮ್ನೆನಾ?

ಹೊಳೆದಂಡೆ: ವಿಚಾರಿಸೋದು ಬೇರೆ, ಸುಲಿಯೋದು ಬೇರೆ.

ಕಬ್ಬಿನಗದ್ದೆ: ಹೊಲ ಉಳೋನಿಗೆ ಹೆಣ್ಣು ಕೊಡಲ್ಲ ಅನ್ನೋದು ಅಂತಸ್ತಿನ ವ್ಯಾಪಾರ ಅಲ್ವೇನ್ರೀ?

ಹೆಣ್ಣು ಹೆತ್ತವರು: ನಿಮ್ಮ ಮಗಳನ್ನ ಕೊಡಿ, ಆಮೇಲೆ ಮಾತಾಡಿ.

ವಕೀಲೆ: ಸಾಕು. ಈ ಜಗಳ ಬೇರೆ ಕಡೆ ಆಡಿಕೊಳ್ಳಿ.

ನೀಲಿ ಕೊಡೆ: ಬೇರೆ ಜಾತಿ ಹುಡುಗನ್ನ ಮದುವೆ ಆದ್ರೆ ಆಸ್ತಿ ಇಲ್ಲ ಅಂತಾರೆ ಅಪ್ಪ.

ವಕೀಲೆ: ಹಿಂದೂ ಅವಿಭಕ್ತ ಕುಟುಂಬವಾದರೆ ಪಿತ್ರಾರ್ಜಿತದಲ್ಲಿ ನಿಮ್ಮ ಪಾಲು ಹುಟ್ಟಿನಿಂದಲೇ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲೇ ಇದೆ, 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸ್ವಯಾರ್ಜಿತ ಮಾತ್ರ ಅಪ್ಪನ ಇಷ್ಟ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ.

ಹೊಸಬ: ಮಗಳ ಹೆಸರಿಗೆ ಸೈಟು ಮಾಡಿಸಿದ್ರೆ ಓಕೆ ತಾನೆ?

ವಕೀಲೆ: ಮೇಲೆ ಓದಿ.

ಮಲ್ಲಿಗೆ ಹಂಬು: ಕಳಿಸಿದೆ ಮೇಡಂ. ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ವಕೀಲೆ: ಮತ್ತೆ ಕಳಿಸಬೇಡಿ. ಅಪ್ಪನ ಹತ್ತಿರ ಇವತ್ತೇ ಕೂತು ಮಾತಾಡಿ, ಪಹಣಿ ಬ್ಯಾಂಕಿಗೆ ಹೋಗದಿರಲಿ. 15100ಕ್ಕೆ ಕರೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ.

ಬೆಳ್ಳಿ ಲೋಟ: ಮೇಡಂ, ನನ್ನ ಪ್ರಶ್ನೆ?