ಸಹಾಯ ಬೇಕು: ನನ್ನ ಮಗಳು 'ಫಸ್ಟ್ ಜನರೇಷನ್' ವಿದ್ಯಾರ್ಥಿನಿ ಆಗ್ತಾಳಾ?

ಎಲ್ಲರಿಗೂ ನಮಸ್ಕಾರ. ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳು 12ನೇ ಕ್ಲಾಸು, ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಫಸ್ಟ್ ಜನರೇಷನ್, ಅಂದರೆ ಅಪ್ಪ ಅಮ್ಮನಿಗೆ ಡಿಗ್ರಿ ಇಲ್ಲದ ಮನೆಯಿಂದ ಕಾಲೇಜಿಗೆ ಹೋಗುವವಳು, ಹೌದಾ, ಅಲ್ವಾ ಅನ್ನುವ ಪ್ರಶ್ನೆಗೆ ಬಂದು ನಿಂತಿದ್ದಾಳೆ.

ನಮ್ಮ ಯಜಮಾನರು ತುಮಕೂರಿನಲ್ಲಿ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮದುವೆಯಾಯಿತು, ಓದು ಅಲ್ಲಿಗೇ ನಿಂತಿತು. ಆ ಮಾರ್ಕ್ಸ್ ಕಾರ್ಡ್ ಇವತ್ತಿಗೂ ಟ್ರಂಕಿನಲ್ಲಿದೆ, ಮಡಿಸಿದ ಜಾಗದಲ್ಲಿ ಹರಿದಿದೆ. ಮೊನ್ನೆ ಮಗಳು ಅದನ್ನು ತುಂಬಾ ಹೊತ್ತು ನೋಡುತ್ತಾ ಕೂತಿದ್ದಳು.

ನನಗೆ ತಿಳಿದಷ್ಟು ಹೇಳುತ್ತೇನೆ. ಇಲ್ಲಿನ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರ ಅಪ್ಪ ಅಮ್ಮ ಇಬ್ಬರಲ್ಲಿ ಯಾರೂ ಬ್ಯಾಚುಲರ್ ಡಿಗ್ರಿ ಮುಗಿಸಿರಬಾರದು. ಒಬ್ಬರ ಜೊತೆಯಲ್ಲೇ ಬೆಳೆದ ಮಗುವಿಗೆ ಆ ಒಬ್ಬರ ಓದು ಮಾತ್ರ ಲೆಕ್ಕ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕೂಡ ನಾಲ್ಕು ವರ್ಷದ ಡಿಗ್ರಿಯನ್ನೇ ನೋಡುತ್ತದೆ. ಅಣ್ಣ ಅಕ್ಕ ಓದಿದ್ದರೆ ತೊಂದರೆ ಇಲ್ಲ. ದೊಡ್ಡ ಮಗ ಕಮ್ಯುನಿಟಿ ಕಾಲೇಜಿನಲ್ಲಿದ್ದಾನೆ, ಅದಕ್ಕೇ ಇದನ್ನು ಎರಡೆರಡು ಸಲ ಓದಿದೆ. ಆದರೆ ಕೆಲವು ಕಾಲೇಜುಗಳು ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲನ್ನೇ ಹತ್ತಿರಬಾರದು ಅನ್ನುತ್ತವೆ. ಆಗ ನನ್ನ ಅರ್ಧ ಬಿ.ಎ. ಅವಳಿಗೆ ಅಡ್ಡ ಬರುತ್ತದಾ?

ಮಗಳು 'ಸುಳ್ಳು ಬರೆದ ಹಾಗೆ ಆಗಬಾರದಮ್ಮಾ' ಅಂತ ಒಂದೇ ಸಮನೆ ಹೇಳುತ್ತಿದ್ದಾಳೆ. ನನಗೂ ಅದೇ ಭಯ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಡಿಪ್ಲೊಮಾ ಓದಿದ ಅಪ್ಪ, ಅರ್ಧಕ್ಕೆ ಬಿಟ್ಟ ಅಮ್ಮ ಇದ್ದರೆ ಅರ್ಜಿಯಲ್ಲಿ ಏನು ಬರೆದಿರಿ? ಕಾಲೇಜಿನವರು ನಮ್ಮೂರಿನ ಮಾರ್ಕ್ಸ್ ಕಾರ್ಡ್ ಕೇಳಿದರಾ? ದಯವಿಟ್ಟು ತಿಳಿಸಿ.